ನೌಕಾಪಡೆ ಬಿಟ್ಟ ಡಾಕ್ಟರು, ಅವರ ಹೆಸರಿನ ಪದಕ, ಮತ್ತೆ ನಮ್ಮ ಮೈಸೂರಿನ ಶ್ರೀನಿವಾಸ್



1976ರಲ್ಲಿ ಮೈಸೂರಿನ ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸ್ ಅವರಿಗೆ ಬ್ರಿಟನ್ನಿನ ರಾಯಲ್ ಆಂಥ್ರೊಪಾಲಜಿಕಲ್ ಇನ್‌ಸ್ಟಿಟ್ಯೂಟ್ ಒಂದು ಪದಕ ಕೊಟ್ಟಿತು. ಹಕ್ಸ್‌ಲಿ ಸ್ಮಾರಕ ಪದಕ. ಮಾನವಶಾಸ್ತ್ರದಲ್ಲಿ ಆ ಸಂಸ್ಥೆ ಕೊಡೋ ಅತಿ ದೊಡ್ಡ ಗೌರವ ಅದು. ಶ್ರೀನಿವಾಸ್ ಅವರ ಪರಿಚಯ ಬರೆಯೋವಾಗ ಎಲ್ಲರೂ ಈ ಪದಕದ ಹೆಸರನ್ನ ಒಂದು ಸಾಲಲ್ಲಿ ಹೇಳಿ ಮುಂದಕ್ಕೆ ಹೋಗ್ತಾರೆ. ಈ ಹಕ್ಸ್‌ಲಿ ಯಾರು ಅಂತ ಕೇಳಿದ್ರೆ ಓದಿದವರು ಹೇಳೋದು ಡಾರ್ವಿನ್ ಕಥೆ: ಡಾರ್ವಿನ್ ಪರವಾಗಿ ಬಿಷಪ್ ಜೊತೆ ಜಗಳ ಆಡಿದ ವಿಜ್ಞಾನಿ ಅಂತ. ಅದು ಸರಿಯೇ. ಆದರೆ ಥಾಮಸ್ ಹೆನ್ರಿ ಹಕ್ಸ್‌ಲಿ ಮೊದಲು ಹೊಟ್ಟೆಪಾಡಿಗೆ ಹಿಡಿದ ಕೆಲಸ ಬೇರೆ. ಅವರು ವಿಕ್ಟೋರಿಯಾ ರಾಣಿಯ ನೌಕಾಪಡೆಯಲ್ಲಿ ಸಹಾಯಕ ಸರ್ಜನ್. ಆ ನೌಕಾಪಡೆ ಕೊನೆಗೆ ಅವರ ಹೆಸರನ್ನ ಪಟ್ಟಿಯಿಂದ ಹೊಡೆದು ಹಾಕಿತು. ಇವತ್ತಿನ ಮಾತು ಅಲ್ಲಿಂದ ಶುರು.

ಹಕ್ಸ್‌ಲಿ ಹುಟ್ಟಿದ್ದು 1825ರ ಮೇ 4ರಂದು, ಲಂಡನ್ ಪಕ್ಕದ ಈಲಿಂಗ್‌ನಲ್ಲಿ, ಒಂದು ಮಾಂಸದಂಗಡಿಯ ಮೇಲಿನ ಮನೆಯಲ್ಲಿ. ತಂದೆ ಶಾಲೆಯಲ್ಲಿ ಗಣಿತದ ಮೇಷ್ಟ್ರು. ಮೇಷ್ಟ್ರ ಮಗ ಅಂದ್ರೆ ಚೆನ್ನಾಗಿ ಓದಿರ್ತಾನೆ ಅಂದ್ಕೋತೀವಿ. ಈ ಹುಡುಗ ಶಾಲೆಗೆ ಹೋಗಿದ್ದು ಬರೀ ಎರಡು ವರ್ಷ. ಮನೆಯಲ್ಲಿ ದುಡ್ಡಿರಲಿಲ್ಲ. ಹದಿಹರೆಯದಲ್ಲೇ ಡಾಕ್ಟರುಗಳ ಹತ್ತಿರ ಕೆಲಸ ಕಲಿಯೋಕೆ ಸೇರಿದರು. ಲಂಡನ್ನಿನ ರಾದರ್‌ಹೈತ್ ಅನ್ನೋ ಹಡಗುಕಟ್ಟೆಯ ಬಡ ಕೇರಿಯಲ್ಲಿ ಅವರು ನೋಡಿದ ಹಸಿವು ಜೀವನಪೂರ್ತಿ ಅವರನ್ನ ಬಿಡಲಿಲ್ಲ. ಆಮೇಲೆ ಚೇರಿಂಗ್ ಕ್ರಾಸ್ ಆಸ್ಪತ್ರೆಯ ಕಾಲೇಜಿನಲ್ಲಿ ಸ್ಕಾಲರ್‌ಶಿಪ್ ಸಿಕ್ಕಿತು. ವಿದ್ಯಾರ್ಥಿಯಾಗಿದ್ದಾಗಲೇ, 1845ರಲ್ಲಿ, ಕೂದಲಿನ ಬೇರನ್ನ ಸುತ್ತಿರೋ ಒಂದು ಸೂಕ್ಷ್ಮ ಪದರವನ್ನ ಕಂಡುಹಿಡಿದರು. ಇವತ್ತಿಗೂ ವೈದ್ಯಕೀಯ ವಿದ್ಯಾರ್ಥಿಗಳು ಅದನ್ನ ‘ಹಕ್ಸ್‌ಲಿ ಪದರ’ ಅಂತಲೇ ಓದ್ತಾರೆ.

ಅದಾದ ಮೇಲೆ ಏನು ಮಾಡೋದು? ವಯಸ್ಸು 20, ಸರ್ಜನ್ ಲೈಸೆನ್ಸ್ ಪಡೆಯೋಕೆ ಇನ್ನೂ ಚಿಕ್ಕದು. ಸಾಲ ಬೇರೆ ಇದೆ. ಆಗ ಸಹಪಾಠಿಯೊಬ್ಬ ಒಂದು ಸಲಹೆ ಕೊಟ್ಟ: ನೌಕಾಪಡೆಯ ವೈದ್ಯಕೀಯ ಮುಖ್ಯಸ್ಥರಿಗೆ ಒಂದು ಕಾಗದ ಬರೆದು ನೋಡು. ಆ ಸಹಪಾಠಿಯ ಹೆಸರು ಜೋಸೆಫ್ ಫೇರರ್. ಹಾವುಗಳ ಬಗ್ಗೆ ಓದೋರಿಗೆ ಈ ಹೆಸರು ಗೊತ್ತಿರುತ್ತೆ. ಮುಂದೆ ಕಲ್ಕತ್ತಾಗೆ ಬಂದು, ಭಾರತದ ವಿಷದ ಹಾವುಗಳ ಮೇಲೆ 1872ರಲ್ಲಿ ದೊಡ್ಡ ಪುಸ್ತಕ ತಂದವರು ಇವರೇ. ಸಲಹೆ ಫಲಿಸಿತು. ಮುಖ್ಯಸ್ಥ ಸರ್ ವಿಲಿಯಂ ಬರ್ನೆಟ್ ಅವರಿಂದ ಭೇಟಿಗೆ ಕರೆ ಬಂತು. ಒಳಗೆ ಹೋದಾಗ ಬರ್ನೆಟ್ ಕೈಯಲ್ಲಿ ಹಕ್ಸ್‌ಲಿ ಕೊಟ್ಟಿದ್ದ ವಿಸಿಟಿಂಗ್ ಕಾರ್ಡ್ ಇತ್ತು. ಅದನ್ನ ವಾಪಸ್ ಕೊಟ್ಟು, ಇದು ಇನ್ನೊಂದು ಕಡೆ ಉಪಯೋಗಕ್ಕೆ ಬರಬಹುದು, ಇಟ್ಕೋ ಅಂದರಂತೆ. ಹಕ್ಸ್‌ಲಿ ವಯಸ್ಸಾದ ಮೇಲೂ ಈ ಪ್ರಸಂಗ ನೆನಪಿಟ್ಟು ಬರೆದಿದ್ದಾರೆ. ಸರ್ಕಾರಿ ಉಳಿತಾಯ ಅಂದ್ರೆ ಇದು!

ಕೆಲಸ ಸಿಕ್ಕಿತು. ಮೊದಲ ಪೋಸ್ಟಿಂಗ್ ಪೋರ್ಟ್ಸ್‌ಮತ್ ಹತ್ತಿರದ ಹಾಸ್ಲರ್ ನೌಕಾ ಆಸ್ಪತ್ರೆ. ಅಲ್ಲಿನ ಮುಖ್ಯಸ್ಥ ಸರ್ ಜಾನ್ ರಿಚರ್ಡ್‌ಸನ್, ಫ್ರಾಂಕ್ಲಿನ್ ಜೊತೆ ಉತ್ತರ ಧ್ರುವ ಪ್ರದೇಶದಲ್ಲಿ ಅಲೆದು ಬಂದಿದ್ದ ನೌಕಾ ಸರ್ಜನ್, ಜೊತೆಗೆ ಒಳ್ಳೆ ಪ್ರಾಣಿಶಾಸ್ತ್ರಜ್ಞ. ಅವರು ಹೆಚ್ಚು ಮಾತಾಡ್ತಿರಲಿಲ್ಲ. ಆದರೆ ಹುಡುಗನ ತಲೆ ಎಂಥದ್ದು ಅಂತ ಗಮನಿಸಿದ್ದರು. ‘ರ‍್ಯಾಟಲ್‌ಸ್ನೇಕ್’ ಅನ್ನೋ ಸರ್ವೆ ಹಡಗಿಗೆ ಒಬ್ಬ ಸಹಾಯಕ ಸರ್ಜನ್ ಬೇಕು ಅಂದಾಗ ಇವರ ಹೆಸರು ಹೇಳಿದರು.

1846ರ ಡಿಸೆಂಬರ್ 3ರಂದು ರ‍್ಯಾಟಲ್‌ಸ್ನೇಕ್ ಪ್ಲಿಮತ್ ಬಿಟ್ಟಿತು. ಕ್ಯಾಪ್ಟನ್ ಓವೆನ್ ಸ್ಟ್ಯಾನ್ಲಿ. ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್ ಒಳಗಿನ ಜಲಮಾರ್ಗ, ಟಾರೆಸ್ ಜಲಸಂಧಿ, ನ್ಯೂಗಿನಿಯ ದಕ್ಷಿಣ ತೀರ, ಇಷ್ಟನ್ನೂ ಅಳೆದು ನಕ್ಷೆ ಮಾಡೋದು ಕೆಲಸ. ಹಡಗು ಹಳೆಯದು, 28 ತೋಪುಗಳ ಕಾಲದ್ದು, ನೀರು ಸೋರುತ್ತಿತ್ತು. ಹಕ್ಸ್‌ಲಿ ಅಕ್ಕನಿಗೆ ಬರೆದ ಕಾಗದದಲ್ಲಿ ಒಂದು ಲೆಕ್ಕ ಇದೆ: ನನ್ನ ಎತ್ತರ 5 ಅಡಿ 11 ಇಂಚು, ನಾನಿರಬೇಕಾದ ಕೆಳಡೆಕ್ಕಿನ ಎತ್ತರ 4 ಅಡಿ 10 ಇಂಚು, ಮಿಕ್ಕ ಒಂದಡಿಯನ್ನ ಎಲ್ಲಿಡೋದೋ ತಿಳೀತಿಲ್ಲ ಅನ್ನೋ ಅರ್ಥದ ಮಾತು.

ಸಹಾಯಕ ಸರ್ಜನ್ ಅಂದ್ರೆ ಹಡಗಿನಲ್ಲಿ ಏನು ಸ್ಥಾನ ಅಂತ ಇಲ್ಲಿ ಹೇಳ್ಬೇಕು. ಓದಿದ ಡಾಕ್ಟರ್ ನಿಜ, ಆದರೆ ಊಟ ಮಾಡ್ಬೇಕಾದ್ದು ಹಿರಿಯ ಅಧಿಕಾರಿಗಳ ಜೊತೆ ಅಲ್ಲ, ಮಿಡ್‌ಶಿಪ್‌ಮನ್‌ಗಳ ಜೊತೆ. ಅಂದ್ರೆ ಮೀಸೆ ಚಿಗುರದ ತರಬೇತಿ ಹುಡುಗರ ಜೊತೆ. ಹಡಗಿಗೆ ಅಧಿಕೃತ ಪ್ರಕೃತಿಶಾಸ್ತ್ರಜ್ಞ ಬೇರೆ ಇದ್ದರು, ಜಾನ್ ಮ್ಯಾಕ್‌ಗಿಲಿವ್ರೆ. ಹೀಗಾಗಿ ಹಕ್ಸ್‌ಲಿ ಮಾಡಿದ ವಿಜ್ಞಾನವೆಲ್ಲ ಡ್ಯೂಟಿ ಮುಗಿದ ಮೇಲಿನ ಹವ್ಯಾಸ. ನಕ್ಷೆ ಬರೆಯೋ ಕೋಣೆಯ ಮೂಲೆಯಲ್ಲಿ ಒಂದು ಮೈಕ್ರೋಸ್ಕೋಪ್, ನಾಲ್ಕು ಪುಸ್ತಕ, ಅಷ್ಟೇ. ಅದರಲ್ಲೊಂದು ಫ್ರೆಂಚ್ ಪುಸ್ತಕದ ಬೆನ್ನ ಮೇಲೆ ಬಫಾನ್ ಅಂತ ಹೆಸರಿತ್ತು. ಹುಡುಗರು ಅದನ್ನ ನೋಡಿ, ಹಕ್ಸ್‌ಲಿ ಬಲೆಯಲ್ಲಿ ಎತ್ತಿ ತಂದ ಪ್ರತಿಯೊಂದು ಲೋಳೆ ಜೀವಿಗೂ ‘ಬಫಾನ್’ ಅಂತಲೇ ಹೆಸರಿಟ್ಟುಬಿಟ್ಟರು!

ಆ ಬಫಾನ್‌ಗಳಲ್ಲೇ ಅವರ ಭವಿಷ್ಯ ಇತ್ತು. ಜೆಲ್ಲಿಫಿಶ್ ಅಂತೀವಲ್ಲ, ನಮ್ಮ ಕರಾವಳಿಯವರು ಬಲೆಯಿಂದ ಕಿತ್ತು ಬಿಸಾಡೋದು, ಅಂಥವು. ಬಿಸಿಲಿಗೆ ಇಟ್ಟರೆ ಕರಗಿ ಹೋಗುತ್ತೆ, ಬಾಟಲಿಗೆ ಹಾಕಿ ಲಂಡನ್ನಿಗೆ ಕಳಿಸಿದರೆ ಆಕಾರವೇ ಉಳಿಯಲ್ಲ. ಮ್ಯೂಸಿಯಂನಲ್ಲಿ ಕೂತ ದೊಡ್ಡ ಪಂಡಿತರಿಗೆ ಅವುಗಳ ಒಳರಚನೆ ಸರಿಯಾಗಿ ಗೊತ್ತಿಲ್ಲದೇ ಇದ್ದದ್ದು ಅದಕ್ಕೇ. ಹಡಗಿನಲ್ಲಿದ್ದವನಿಗೆ ಮಾತ್ರ ಅವು ಜೀವಂತವಾಗಿ ಸಿಗ್ತವೆ. ಹಕ್ಸ್‌ಲಿ ಕಂಡುಕೊಂಡಿದ್ದು ಇಷ್ಟು: ನೋಡೋಕೆ ಎಷ್ಟೇ ಬೇರೆ ಬೇರೆ ಇದ್ದರೂ ಈ ಗುಂಪಿನ ಪ್ರಾಣಿಗಳ ದೇಹವೆಲ್ಲ ಎರಡೇ ಪದರಗಳಿಂದ ಆಗಿದೆ, ಒಂದು ಹೊರಗಿನದು, ಒಂದು ಒಳಗಿನದು. ಅದಕ್ಕಿಂತ ದೊಡ್ಡ ಮಾತು ಏನಂದ್ರೆ, ಮೇಲ್ದರ್ಜೆಯ ಪ್ರಾಣಿಗಳ ಭ್ರೂಣದಲ್ಲಿ ಮೊಟ್ಟಮೊದಲು ಕಾಣೋ ಪದರಗಳಿಗೂ ಇವಕ್ಕೂ ಹೋಲಿಕೆ ಇದೆ ಅಂತ ಅವರು ಗುರುತಿಸಿದರು. ಡಾರ್ವಿನ್ ಪುಸ್ತಕ ಬರೋಕೆ ಇನ್ನೂ ಹತ್ತು ವರ್ಷ ಇತ್ತು, ನೆನಪಿರಲಿ.

ಲೇಖನಗಳನ್ನ ಬಂದರಿನಿಂದ ಬಂದರಿಗೆ ಇಂಗ್ಲೆಂಡಿಗೆ ಕಳಿಸ್ತಾ ಇದ್ದರು. ಉತ್ತರವೇ ಇಲ್ಲ. ಬೈಬಲ್ಲಿನ ನೋವ ಹಡಗಿನಿಂದ ಕಾಗೆ ಬಿಟ್ಟಂತೆ ಆಯ್ತು ನನ್ನ ಕಥೆ ಅಂತ ಆಮೇಲೆ ತಮಾಷೆ ಮಾಡಿದ್ದಾರೆ. ಕೊನೆಗೆ ಒಂದು ದೊಡ್ಡ ಲೇಖನವನ್ನ ಕ್ಯಾಪ್ಟನ್ ಸ್ಟ್ಯಾನ್ಲಿಯ ತಂದೆ, ನಾರ್ವಿಚ್‌ನ ಬಿಷಪ್, ಅವರ ಮೂಲಕ ರಾಯಲ್ ಸೊಸೈಟಿಗೆ ತಲುಪಿಸಿದರು. 1849ರಲ್ಲಿ ಅದು ಅಚ್ಚಾಯಿತು. ಮುಂದೆ ಬಿಷಪ್‌ಗಳ ವೈರಿ ಅಂತ ಹೆಸರಾದವರ ಮೊದಲ ದೊಡ್ಡ ಲೇಖನವನ್ನ ಲಂಡನ್ನಿಗೆ ಮುಟ್ಟಿಸಿದ್ದು ಒಬ್ಬ ಬಿಷಪ್!

ಆ ನಾಲ್ಕು ವರ್ಷ ಬರೀ ವಿಜ್ಞಾನ ಅಲ್ಲ. ಸಿಡ್ನಿಯಲ್ಲಿ ಹೆನ್ರಿಯೆಟಾ ಹೀತಾರ್ನ್ ಅನ್ನೋ ಹುಡುಗಿಯ ಪರಿಚಯ ಆಗಿ, 1847ರಲ್ಲೇ ನಿಶ್ಚಿತಾರ್ಥ ಮಾಡ್ಕೊಂಡರು. ರೀಫ್ ಒಳಗಿನ ಉರಿ ಸೆಕೆಯಲ್ಲಿ ತಿಂಗಳುಗಟ್ಟಲೆ ಮಂಕು ಹಿಡಿದು ಕೂತಿದ್ದೂ ಉಂಟು. ಆ ಹೊತ್ತಲ್ಲಿ ಇಟಾಲಿಯನ್ ಕಲಿತು ಡಾಂಟೆ ಓದಿದರು. 1848ರಲ್ಲಿ ಎಡ್ಮಂಡ್ ಕೆನಡಿ ಅನ್ನೋ ಅನ್ವೇಷಕನ ತಂಡ ಕೇಪ್ ಯಾರ್ಕ್ ಕಡೆಗೆ ಕಾಡು ಸೀಳಿಕೊಂಡು ಹೊರಟಾಗ ತಾನೂ ಹೋಗ್ಬೇಕು ಅಂತ ಹಕ್ಸ್‌ಲಿಗೆ ಬಹಳ ಆಸೆ. ಹೋಗೋಕಾಗಲಿಲ್ಲ. ಹದಿಮೂರು ಜನರಲ್ಲಿ ಬದುಕಿ ಬಂದಿದ್ದು ಮೂರೇ ಜನ.

1849ರ ಅಕ್ಟೋಬರ್‌ನಲ್ಲಿ ಕೇಪ್ ಯಾರ್ಕ್ ತೀರದಲ್ಲಿ ಇನ್ನೊಂದು ಘಟನೆ. ಬಾರ್ಬರಾ ಥಾಂಪ್ಸನ್ ಅನ್ನೋ ಸ್ಕಾಟಿಷ್ ಹೆಣ್ಣುಮಗಳು ಹಡಗಿನ ಹತ್ತಿರ ಬಂದಳು. ಹಡಗೊಡೆತದಲ್ಲಿ ಬದುಕುಳಿದು, ಸುಮಾರು ಐದು ವರ್ಷ ಕೌರರೆಗ್ ಜನರ ದ್ವೀಪದಲ್ಲಿ ಅವರಲ್ಲಿ ಒಬ್ಬಳಾಗಿ ಬಾಳಿದ್ದಳು. ಅವಳ ಬಾಯಲ್ಲಿ ಆ ಜನರ ಭಾಷೆ, ನೆಂಟಸ್ತಿಕೆ, ಊಟ, ಜಗಳ ಎಲ್ಲಾ ಇತ್ತು. ಹಡಗಿನ ಚಿತ್ರಕಾರ ಓಸ್ವಾಲ್ಡ್ ಬ್ರಯರ್ಲಿ ಅವಳ ಪಕ್ಕ ಕೂತು ಅದನ್ನೆಲ್ಲ ಬರೆದುಕೊಂಡ. ನನ್ನ ಲೆಕ್ಕದಲ್ಲಿ ಆ ಪ್ರಯಾಣದಿಂದ ಬಂದ ಅತ್ಯುತ್ತಮ ಮಾನವಶಾಸ್ತ್ರ ಆ ಚಿತ್ರಕಾರನ ನೋಟ್‌ಬುಕ್ಕೇ, ಡಾಕ್ಟರದ್ದಲ್ಲ. ಈ ಮಾತು ನೆನಪಿಟ್ಕೊಳ್ಳಿ, ಮುಂದೆ ಬೇಕಾಗುತ್ತೆ.

ಕ್ಯಾಪ್ಟನ್ ಸ್ಟ್ಯಾನ್ಲಿ 1850ರ ಮಾರ್ಚ್‌ನಲ್ಲಿ ಸಿಡ್ನಿಯಲ್ಲಿ ತೀರಿಕೊಂಡರು. ಹಡಗು ಅದೇ ವರ್ಷ ನವೆಂಬರ್‌ನಲ್ಲಿ ಇಂಗ್ಲೆಂಡಿನಲ್ಲಿ ಲೆಕ್ಕ ಮುಗಿಸಿತು. ಹಕ್ಸ್‌ಲಿ ಕೆಳಗಿಳಿದಾಗ ಅವರಿಗೇ ಆಶ್ಚರ್ಯ: ತನ್ನ ಹೆಸರು ಲಂಡನ್ನಿನ ವಿಜ್ಞಾನಿಗಳಿಗೆಲ್ಲ ಗೊತ್ತು. 1851ರಲ್ಲಿ, 26ನೇ ವಯಸ್ಸಿಗೆ, ರಾಯಲ್ ಸೊಸೈಟಿಯ ಫೆಲೋ. ಮರುವರ್ಷ ಅದೇ ಸೊಸೈಟಿಯ ಚಿನ್ನದ ರಾಯಲ್ ಮೆಡಲ್.

ಕೀರ್ತಿ ಏನೋ ಬಂತು, ಊಟಕ್ಕೆ ದಾರಿ ಇಲ್ಲ. ಪ್ರಯಾಣದ ಸಂಶೋಧನೆಯನ್ನೆಲ್ಲ ಚಿತ್ರಗಳ ಸಮೇತ ಪುಸ್ತಕ ಮಾಡೋಕೆ ಹಣ ಕೊಡಿ ಅಂತ ನೌಕಾ ಇಲಾಖೆಯನ್ನ ಕೇಳಿದರು. ಇಲ್ಲ ಅಂದರು. ಮತ್ತೆ ಕೇಳಿದರು, ಮತ್ತೆ ಇಲ್ಲ. ರಜೆ ಮಾತ್ರ ಆರಾರು ತಿಂಗಳಿಗೆ ಮುಂದೂಡ್ತಾ ಹೋದರು. ಈ ಮಧ್ಯೆ ಟೊರಾಂಟೊ, ಅಬರ್ಡೀನ್, ಕಾರ್ಕ್, ಲಂಡನ್ನಿನ ಕಿಂಗ್ಸ್ ಕಾಲೇಜು, ಎಲ್ಲೆಲ್ಲಿ ಹುದ್ದೆ ಖಾಲಿಯೋ ಅಲ್ಲೆಲ್ಲ ಅರ್ಜಿ ಹಾಕಿದರು. ಎಲ್ಲೂ ಸಿಗಲಿಲ್ಲ. ಸಿಡ್ನಿಯಲ್ಲಿ ಹೆನ್ರಿಯೆಟಾ ಕಾಯ್ತಾನೇ ಇದ್ದಾಳೆ. ಒಂದು ಕಾಗದ ಹೋಗಿ ಉತ್ತರ ಬರೋಕೆ ತಿಂಗಳುಗಳು. ಬಿಟ್ಟುಬಿಡೋಣ, ಆಸ್ಟ್ರೇಲಿಯಾಗೆ ಹೋಗಿ ಏನಾದ್ರೂ ವ್ಯಾಪಾರ ಮಾಡೋಣ ಅಂತಲೂ ಯೋಚನೆ ಬಂದಿತ್ತು.

1854ರ ಆರಂಭದಲ್ಲಿ ಆದೇಶ ಬಂತು: ಪೋರ್ಟ್ಸ್‌ಮತ್‌ನಲ್ಲಿರೋ ಹಡಗಿಗೆ ಹೋಗಿ ಕೆಲಸಕ್ಕೆ ಹಾಜರಾಗಿ. ರಷ್ಯಾ ಜೊತೆ ಯುದ್ಧದ ಮೋಡ ಕವಿದಿತ್ತು, ನೌಕಾಪಡೆಗೆ ಡಾಕ್ಟರುಗಳು ಬೇಕಿತ್ತು. ಇಲಾಖೆ ಕಡೆಯಿಂದ ನೋಡಿದರೆ ಮೂರು ವರ್ಷ ರಜೆ ಕೊಟ್ಟಿದ್ದಾರೆ, ಈಗ ಬಾ ಅಂದರೆ ತಪ್ಪೇನು? ಹಕ್ಸ್‌ಲಿ ಹೋಗಲಿಲ್ಲ. ಪುಸ್ತಕ ಮುಗಿಯೋ ತನಕ ಆಗಲ್ಲ ಅಂದರು. ಮಾರ್ಚ್‌ನಲ್ಲಿ ಹೆಸರು ಪಟ್ಟಿಯಿಂದ ಹೋಯ್ತು. ನೌಕಾ ಸರ್ಜನ್ ಅನ್ನೋ ವೃತ್ತಿ ಅಲ್ಲಿಗೆ ಮುಗೀತು. ಅದೃಷ್ಟಕ್ಕೆ ಅದೇ ವರ್ಷ ಎಡ್ವರ್ಡ್ ಫೋರ್ಬ್ಸ್ ಎಡಿನ್‌ಬರೊಗೆ ಹೋಗಿ, ಗಣಿ ಶಾಲೆಯಲ್ಲಿ ಅವರ ಪಾಠದ ಕೆಲಸ ಹಕ್ಸ್‌ಲಿಗೆ ಬಂತು. 1855ರಲ್ಲಿ ಮದುವೆ, ನಿಶ್ಚಿತಾರ್ಥ ಆಗಿ ಎಂಟು ವರ್ಷಕ್ಕೆ. ಆ ಜೆಲ್ಲಿಫಿಶ್ ಪುಸ್ತಕ ಅಚ್ಚಾಗಿದ್ದು 1859ರಲ್ಲಿ.

ಆ ಚಿನ್ನದ ಮೆಡಲ್ ಏನಾಯ್ತು ಗೊತ್ತಾ? ಅಣ್ಣ ಜಾರ್ಜ್ ಸಾಲ ಬಿಟ್ಟು ತೀರಿಕೊಂಡಾಗ, ಅತ್ತಿಗೆಯ ಹೊರೆ ಇಳಿಸೋಕೆ ಹಕ್ಸ್‌ಲಿ ಅದನ್ನ ಚಿನ್ನದ ಬೆಲೆಗೆ ಮಾರಿಬಿಟ್ಟರು. ಪದಕದ ಬಗ್ಗೆ ಅವರ ಧೋರಣೆ ಅದು.

ಮುಂದಿನ ಕಥೆ ನಿಮಗೆ ಗೊತ್ತು, ಬೇಗ ಹೇಳ್ತೀನಿ. 1860ರಲ್ಲಿ ಆಕ್ಸ್‌ಫರ್ಡ್‌ನ ವಾಗ್ವಾದ, 1863ರಲ್ಲಿ ಮನುಷ್ಯ ಮತ್ತು ವಾನರರ ಸಂಬಂಧದ ಪುಸ್ತಕ, 1869ರಲ್ಲಿ ‘ಅಗ್ನಾಸ್ಟಿಕ್’ ಅನ್ನೋ ಹೊಸ ಪದ, ಲಂಡನ್ನಿನ ಸ್ಕೂಲ್ ಬೋರ್ಡ್, ಕೂಲಿಯವರಿಗೆ ಭಾಷಣಗಳು. ನಮಗೆ ಬೇಕಾದ್ದು ಅವರು ಮಾನವಶಾಸ್ತ್ರಕ್ಕೆ ಬಂದ ದಾರಿ. ಆಗ ಲಂಡನ್ನಿನಲ್ಲಿ ಎರಡು ಸಂಘಗಳು ಕಚ್ಚಾಡ್ತಿದ್ದವು. ಎಥ್ನಾಲಾಜಿಕಲ್ ಸೊಸೈಟಿ ಹಳೆಯದು. ಜೇಮ್ಸ್ ಹಂಟ್ ಕಟ್ಟಿದ ಆಂಥ್ರೊಪಾಲಜಿಕಲ್ ಸೊಸೈಟಿ ಹೊಸದು, ಕರಿಯರ ಗುಲಾಮಗಿರಿಗೆ ವಿಜ್ಞಾನದ ಹೆಸರಲ್ಲಿ ಸಮರ್ಥನೆ ಹುಡುಕೋ ಜನ ಅಲ್ಲಿದ್ದರು. ಹಕ್ಸ್‌ಲಿ 1868ರಲ್ಲಿ ಹಳೆಯ ಸಂಘದ ಅಧ್ಯಕ್ಷರಾದರು. ಹಂಟ್ ತೀರಿಕೊಂಡ ಮೇಲೆ, 1871ರಲ್ಲಿ ಎರಡೂ ಸೇರಿ ಆಂಥ್ರೊಪಾಲಜಿಕಲ್ ಇನ್‌ಸ್ಟಿಟ್ಯೂಟ್ ಆಯ್ತು. ಅದರ ಹಿಂದಿನ ಕೈ ಹಕ್ಸ್‌ಲಿಯದು. ಪದಕ ಕೊಡೋ ಸಂಸ್ಥೆ ಇದೇ.

ಹಾಗಾದ್ರೆ ಹಕ್ಸ್‌ಲಿ ಒಳ್ಳೆಯವರಾ? ಅಷ್ಟು ಸುಲಭ ಇಲ್ಲ. ಗುಲಾಮಗಿರಿಯನ್ನ ವಿರೋಧಿಸಿದರು. ಜಮೈಕಾದಲ್ಲಿ ಕರಿಯರ ದಂಗೆಯನ್ನ ರಕ್ತದಲ್ಲಿ ಮುಳುಗಿಸಿದ ಗವರ್ನರ್ ಐರ್ ಮೇಲೆ ಕೊಲೆ ಮೊಕದ್ದಮೆ ಹೂಡ್ಬೇಕು ಅಂದ ಸಮಿತಿಯಲ್ಲಿ, ಸ್ನೇಹಿತರನ್ನ ಎದುರುಹಾಕಿಕೊಂಡು ಸೇರಿದರು. ಆದರೆ 1865ರಲ್ಲಿ ಗುಲಾಮರ ಬಿಡುಗಡೆ ಸರಿ ಅಂತ ಬರೆದ ಅದೇ ಲೇಖನದಲ್ಲಿ, ಬುದ್ಧಿಯಲ್ಲಿ ಕರಿಯರು ಬಿಳಿಯರಿಗೆ ಸಮ ಅಲ್ಲ ಅಂತಲೂ ಬರೆದರು. 1869ರಲ್ಲಿ ಸಾಮ್ರಾಜ್ಯದ ಎಲ್ಲ ಜನಾಂಗಗಳವರನ್ನ ಬೆತ್ತಲೆ ನಿಲ್ಲಿಸಿ, ಪಕ್ಕದಲ್ಲಿ ಅಳತೆ ಕೋಲು ಇಟ್ಟು ಫೋಟೋ ತೆಗೆಸೋ ಯೋಜನೆಯೊಂದನ್ನ ಸಿದ್ಧಮಾಡಿದರು. ಎಷ್ಟೋ ಕಡೆ ಜನ ಒಪ್ಪಲಿಲ್ಲ, ಹೆಚ್ಚಾಗಿ ಸಿಕ್ಕಿದ್ದು ಒಲ್ಲೆ ಅನ್ನೋಕಾಗದ ಕೈದಿಗಳಂಥವರು. 1870ರಲ್ಲಿ ಮನುಕುಲವನ್ನ ಪಂಗಡ ಮಾಡಿ ಭೂಪಟ ಬರೆದಾಗ, ದಖ್ಖನ್ನಿನ ಗುಡ್ಡಗಾಡು ಜನರನ್ನ ಆಸ್ಟ್ರೇಲಿಯಾದ ಮೂಲನಿವಾಸಿಗಳ ಜೊತೆ ‘ಆಸ್ಟ್ರಲಾಯ್ಡ್’ ಅನ್ನೋ ಒಂದೇ ಪೆಟ್ಟಿಗೆಗೆ ಹಾಕಿದರು. ಅಂದ್ರೆ ನಾವೂ ಆ ಭೂಪಟದಲ್ಲಿದ್ದೀವಿ, ಒಂದು ಬಣ್ಣದ ತೇಪೆಯಾಗಿ. ನೆಂಟಸ್ತಿಕೆ ಕೇಳೋ ಬ್ರಯರ್ಲಿಗೂ ಕೋಲು ಹಿಡಿಯೋ ಈ ಯೋಜನೆಗೂ ಎಷ್ಟು ದೂರ ನೋಡಿ. 2021ರಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜಿಗಾಗಿ ಇತಿಹಾಸ ಪರಿಶೀಲಿಸಿದ ಸಮಿತಿಯೊಂದು ಹಕ್ಸ್‌ಲಿ ಹೆಸರನ್ನ ಕಟ್ಟಡದಿಂದ ತೆಗೀರಿ ಅಂತ ಶಿಫಾರಸು ಮಾಡಿದ್ದಕ್ಕೆ ಕಾರಣ ಈ ಬರಹಗಳೇ. ಅದಕ್ಕೆ ವಿರೋಧವೂ ಜೋರಾಗೇ ಬಂತು.

1895ರ ಜೂನ್ 29ರಂದು ಹಕ್ಸ್‌ಲಿ ತೀರಿಕೊಂಡರು. ಸ್ಮಾರಕ ಸಮಿತಿ ಆಯ್ತು. ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂನಲ್ಲಿ ಪ್ರತಿಮೆ, ಆನ್ಸ್‌ಲೋ ಫೋರ್ಡ್ ಕೆತ್ತಿದ್ದು, 1900ರ ಏಪ್ರಿಲ್‌ನಲ್ಲಿ ಅನಾವರಣ. ಅದೇ ವರ್ಷ ಆಂಥ್ರೊಪಾಲಜಿಕಲ್ ಇನ್‌ಸ್ಟಿಟ್ಯೂಟ್ ಸ್ಮಾರಕ ಪದಕ ಮತ್ತು ಉಪನ್ಯಾಸ ಶುರು ಮಾಡಿತು. ಮೊದಲನೆಯದು ಗೆಳೆಯ ಜಾನ್ ಲಬಕ್‌ಗೆ, ಆಗ ಅವರು ಲಾರ್ಡ್ ಏವ್‌ಬರಿ.

ಎರಡನೆಯದು, 1901ರಲ್ಲಿ, ಫ್ರಾನ್ಸಿಸ್ ಗಾಲ್ಟನ್‌ಗೆ. ಅವರು ಉಪನ್ಯಾಸಕ್ಕೆ ಆರಿಸಿದ ವಿಷಯ ಮನುಷ್ಯ ತಳಿಯನ್ನ ಸುಧಾರಿಸೋದು ಹೇಗೆ ಅಂತ. ಯೋಗ್ಯರು ಹೆಚ್ಚು ಮಕ್ಕಳನ್ನ ಹೆರಬೇಕು, ಅಯೋಗ್ಯರು ಹೆರಬಾರದು, ಆ ಧಾಟಿ. ಯೂಜೆನಿಕ್ಸ್ ಚಳವಳಿಗೆ ಕಹಳೆ ಊದಿದ್ದೇ ಈ ವೇದಿಕೆಯಿಂದ. 1903ರಲ್ಲಿ ಕಾರ್ಲ್ ಪಿಯರ್‌ಸನ್ ಬಂದು, ಬುದ್ಧಿ ಮತ್ತು ನಡತೆ ಎರಡೂ ರಕ್ತದಲ್ಲೇ ಬರೋದು ಅಂತ ವಾದಿಸಿದರು. ಇಲ್ಲಿ ನನಗೆ ಸಿಟ್ಟು ಬರುತ್ತೆ. ಯಾಕಂದ್ರೆ ಹಕ್ಸ್‌ಲಿ ತಮ್ಮ ಕೊನೆಯ ವರ್ಷಗಳಲ್ಲಿ, 1893ರ ಆಕ್ಸ್‌ಫರ್ಡ್ ಉಪನ್ಯಾಸದಲ್ಲಿ ಮತ್ತು ಮರುವರ್ಷ ಅದಕ್ಕೆ ಬರೆದ ಮುನ್ನುಡಿಯಲ್ಲಿ, ಹೇಳಿದ್ದು ಇದಕ್ಕೆ ತದ್ವಿರುದ್ಧ. ಪ್ರಕೃತಿಯ ಹೋರಾಟ ಸಮಾಜಕ್ಕೆ ಮಾದರಿ ಅಲ್ಲ, ಪಾರಿವಾಳ ಸಾಕುವವನು ತಳಿ ಆರಿಸಿದ ಹಾಗೆ ಮನುಷ್ಯರನ್ನ ಆರಿಸೋಕೆ ಹೊರಟರೆ ಸಮಾಜವನ್ನ ಹಿಡಿದಿಟ್ಟಿರೋ ಕರುಣೆಯೇ ಸತ್ತುಹೋಗುತ್ತೆ ಅನ್ನೋದು ಅವರ ವಾದ. ಸತ್ತು ಆರು ವರ್ಷಕ್ಕೆ ಅವರ ಹೆಸರಿನ ಪದಕವೇ ಆ ತಳಿಗಾರರ ಕೊರಳಿಗೆ ಬಿತ್ತು.

ಮುಂದೆ 1920ರ ಪದಕ ಮಾತ್ರ ಬೇರೆ ದಾರಿಯದು. ಅದು ಎ. ಸಿ. ಹ್ಯಾಡನ್ ಅವರಿಗೆ. 1898ರಲ್ಲಿ ಅವರು ಕೇಂಬ್ರಿಜ್‌ನಿಂದ ತಂಡ ಕಟ್ಟಿಕೊಂಡು ಹೋಗಿದ್ದು ರ‍್ಯಾಟಲ್‌ಸ್ನೇಕ್ ಅಳೆದಿದ್ದ ಅದೇ ಟಾರೆಸ್ ಜಲಸಂಧಿಗೆ. ಈ ಸಲ ಜನರ ಜೊತೆ ಕೂತು ವಂಶಾವಳಿ ಕೇಳಿ ಬರೆದುಕೊಂಡರು, ಬ್ರಯರ್ಲಿ ಅರ್ಧ ಶತಮಾನ ಮೊದಲು ಮಾಡಿದ್ದ ಹಾಗೆ. ತಂಡದಲ್ಲಿದ್ದ ಡಾಕ್ಟರ್ ರಿವರ್ಸ್ ಆಮೇಲೆ ನೀಲಗಿರಿಗೆ ಬಂದು ತೋಡರನ್ನ ಅಧ್ಯಯನ ಮಾಡಿದರು. ರಿವರ್ಸ್ ಶಿಷ್ಯ ರ‍್ಯಾಡ್‌ಕ್ಲಿಫ್-ಬ್ರೌನ್. ಆಕ್ಸ್‌ಫರ್ಡ್‌ನಲ್ಲಿ ರ‍್ಯಾಡ್‌ಕ್ಲಿಫ್-ಬ್ರೌನ್ ಹತ್ತಿರ ಕಲಿತವರು ಎಂ. ಎನ್. ಶ್ರೀನಿವಾಸ್.

ಶ್ರೀನಿವಾಸ್ ಹುಟ್ಟಿದ್ದು 1916ರಲ್ಲಿ. ಕೊಡವರ ಮೇಲಿನ ಪುಸ್ತಕ 1952ರಲ್ಲಿ ಬಂತು. 1948ರಲ್ಲಿ ಮೈಸೂರು ಸೀಮೆಯ ಒಂದು ಹಳ್ಳಿಯಲ್ಲಿ ತಿಂಗಳುಗಟ್ಟಲೆ ಇದ್ದು ಬರೆದುಕೊಂಡ ಟಿಪ್ಪಣಿಗಳನ್ನ ಸಂಸ್ಕರಿಸಿ ಮೂರು ಪ್ರತಿ ಇಟ್ಟಿದ್ದರು. 1970ರ ಏಪ್ರಿಲ್ 24ರಂದು ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಕಿಡಿಗೇಡಿಗಳು ಹಚ್ಚಿದ ಬೆಂಕಿಗೆ ಮೂರೂ ಸುಟ್ಟವು. ನೆನಪಿನಿಂದಲೇ ಬರೆದ ‘ದಿ ರಿಮೆಂಬರ್ಡ್ ವಿಲೇಜ್’ 1976ರಲ್ಲಿ ಅಚ್ಚಾಯಿತು. ಹಕ್ಸ್‌ಲಿ ಪದಕ ಅದೇ ವರ್ಷ. ಕೋಲು ಹಿಡಿದು ಅಳೆಸಿಕೊಳ್ಳಬೇಕಾಗಿದ್ದ ದಖ್ಖನ್ನಿನ ಕಡೆಯವರೊಬ್ಬರು, ತಮ್ಮ ಪಕ್ಕದೂರಿನ ಒಕ್ಕಲಿಗರ ಜಗಳ, ಹೊಲ, ಪಂಚಾಯ್ತಿಗಳ ಬಗ್ಗೆ ತಾವೇ ಬರೆದು, ಆ ವೇದಿಕೆ ಹತ್ತಿದರು.

ಇನ್ನೊಂದು ವಿಷಯ ಹೇಳಿ ಮುಗಿಸ್ತೀನಿ. ಹಕ್ಸ್‌ಲಿ ಎಥ್ನಾಲಾಜಿಕಲ್ ಸೊಸೈಟಿ ಅಧ್ಯಕ್ಷರಾದಾಗ ಮಾಡಿದ ಬದಲಾವಣೆಗಳಲ್ಲಿ ಒಂದು, ಸಾಮಾನ್ಯ ಸಭೆಗಳಿಗೆ ಬರ್ತಿದ್ದ ಹೆಂಗಸರನ್ನ ಹೊರಗಿಟ್ಟಿದ್ದು. ಗಂಭೀರ ವಿಜ್ಞಾನಕ್ಕೆ ಅವರು ಅಡ್ಡಿ ಅನ್ನೋದು ಲೆಕ್ಕ. ಬೇಕಾದ್ರೆ ಅವರಿಗಾಗಿ ವಿಶೇಷ ಸಭೆ ಇರಲಿ ಅಂದರು. 1976ರ ಹಕ್ಸ್‌ಲಿ ಸ್ಮಾರಕ ಉಪನ್ಯಾಸಕ್ಕೆ ಶ್ರೀನಿವಾಸ್ ಆರಿಸಿಕೊಂಡ ವಿಷಯ: ಭಾರತದ ಹೆಂಗಸರ ಬದಲಾಗ್ತಿರೋ ಸ್ಥಾನಮಾನ. ಮರುವರ್ಷ ಅದು ಇನ್‌ಸ್ಟಿಟ್ಯೂಟಿನ ಪತ್ರಿಕೆ ‘ಮ್ಯಾನ್’ನಲ್ಲಿ ಅಚ್ಚಾಯಿತು. ಹೌದು, ಪತ್ರಿಕೆಯ ಹೆಸರು ಆಗ ಅದೇ.